ಕಮ್ಮಟ್ಟಿಪಾಡಂ: ಗದ್ದೆ ಕಳೆದುಕೊಂಡವರ ಕತ್ತಿ

ಹಾಸ್ಟೆಲಿನ ಹುಡುಗರ ಜೊತೆ ಕೂತು ರಾಜೀವ್ ರವಿಯ ಮಲಯಾಳಂ ಚಿತ್ರ ‘ಕಮ್ಮಟ್ಟಿಪಾಡಂ’ (2016) ನೋಡಿದೆ. ಕತ್ತಿ ಝಳಪಿಸುವ ದೃಶ್ಯಕ್ಕೆ ಹುಡುಗರು ಶಿಳ್ಳೆ ಹೊಡೆದರು. ಹಿಂದೆ ಕೂತಿದ್ದ ಹಿರಿಯ ಹೋರಾಟಗಾರರೊಬ್ಬರು ರೇಗಿದರು: “ಏನ್ರಯ್ಯಾ, ನಮ್ಮೋರು ನಮ್ಮೋರ್‍ನೇ ಒಕ್ಕಲೆಬ್ಬಿಸ್ತಾವ್ರೆ, ನೀವು ಶಿಳ್ಳೆ ಹೊಡೀತೀರಲ್ಲ! ಇದೇನಾ ನಾವು ಕಟ್ಟಿದ ಚಳವಳಿ?” ಹುಡುಗರು ತೆಪ್ಪಗಾದರು. ನಾನೂ ತಲೆ ತಗ್ಗಿಸಿದೆ. ಯಾಕೆಂದರೆ ಬಾಯಲ್ಲಿ ಹೊಡೆಯದಿದ್ದರೂ ಮನಸ್ಸಿನಲ್ಲಿ ನಾನೂ ಶಿಳ್ಳೆ ಹೊಡೆದಿದ್ದೆ. ಆ ಮೆಚ್ಚುಗೆಗೆ ಲೆಕ್ಕ ಒಪ್ಪಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಚಿತ್ರದ ಮಾತು. ಮಲಯಾಳಂನಲ್ಲಿ ‘ಪಾಡಂ’ ಅಂದರೆ ಗದ್ದೆ. ಎರ್ನಾಕುಳಂ ನಗರ ಬೆಳೆಯುತ್ತಾ ನುಂಗಿ ಹಾಕಿದ ಒಂದು ಗದ್ದೆಬಯಲಿನ ಕತೆ ಇದು. ಬಾಲನ್, ಗಂಗಾ ಅಲ್ಲಿನ ದಲಿತ ಹುಡುಗರು. ಕೃಷ್ಣನ್ ಅವರ ಜೊತೆ ಬೆಳೆದ, ದಲಿತನಲ್ಲದ ಗೆಳೆಯ. ಮೂವರೂ ಕಳ್ಳಸಾರಾಯಿ ದಂಧೆಯ ಧಣಿಯೊಬ್ಬನ ಕೈಗೆ ಬೀಳುತ್ತಾರೆ. ಸಾರಾಯಿ ಧಣಿ ಮುಂದೆ ಭೂಮಿಯ ಧಣಿಯಾಗುತ್ತಾನೆ. ಅವನಿಗೆ ಬೇಕಾದ ನೆಲ ಬಿಡಿಸಿಕೊಡುವ ಕೆಲಸ ಈ ಹುಡುಗರದ್ದು. ತಮ್ಮ ಜನರನ್ನೇ ಹೆದರಿಸಲು ಹೊರಟ ಮೊಮ್ಮಕ್ಕಳನ್ನು ಕಂಡು ಅಜ್ಜ ಕುಸಿಯುತ್ತಾನೆ, ತೀರಿಕೊಳ್ಳುತ್ತಾನೆ. ಆಮೇಲೆ ಬಾಲನ್ ದಾರಿ ಬದಲಿಸಲು ನೋಡುತ್ತಾನೆ. ಆದರೆ ಆ ದಾರಿಯಲ್ಲಿ ಹಿಂದಕ್ಕೆ ಬರಲು ಯಾರೂ ಬಿಡುವುದಿಲ್ಲ.

ರಾಜೀವ್ ರವಿ ಮೂಲತಃ ಕ್ಯಾಮೆರಾದ ಮನುಷ್ಯ. ‘ಚಾಂದನಿ ಬಾರ್’ (2001), ‘ದೇವ್ ಡಿ’ (2009), ‘ಗ್ಯಾಂಗ್ಸ್ ಆಫ್ ವಾಸೇಪುರ್’ (2012) ಚಿತ್ರಗಳನ್ನು ಸೆರೆಹಿಡಿದವನು. ‘ಅನ್ನಯುಂ ರಸೂಲುಂ’ (2013) ಅವನು ನಿರ್ದೇಶಿಸಿದ ಮೊದಲ ಚಿತ್ರ. ಸೊಗಸು ಅವನಿಗೆ ಗೊತ್ತು. ಆದರೆ ಇಲ್ಲಿನ ಹೊಡೆದಾಟಗಳಲ್ಲಿ ಕುಣಿತದ ಲಯ ಇಲ್ಲ, ಏದುಸಿರಿದೆ, ಭಯವಿದೆ. ನಮ್ಮ ಅಪ್ಪಂದಿರಿಗೆ ಕೂಲಿ ಹೇಗೋ ಈ ಹುಡುಗರಿಗೆ ಕತ್ತಿ ಹಾಗೆ. ಗೇಯುವವರು ಇವರು, ಕಣ ಮಾಡಿಕೊಳ್ಳುವವನು ಧಣಿ. ಹಿಂಸೆಯನ್ನು ಕೂಲಿಯಾಗಿ ಕಂಡದ್ದೇ ಈ ಚಿತ್ರದ ದೊಡ್ಡ ಒಳನೋಟ ಎಂದು ನನಗನ್ನಿಸುತ್ತದೆ.

ಇದರ ಹಿಂದೆ ಒಂದು ಚರಿತ್ರೆಯಿದೆ. ಕೇರಳದ ಭೂಸುಧಾರಣೆಯನ್ನು ನಾವೆಲ್ಲ ಭಾಷಣಗಳಲ್ಲಿ ಹೊಗಳಿದವರೇ. 1970ರ ಜನವರಿ 1ರಿಂದ ಅಲ್ಲಿ ಗೇಣಿದಾರನಿಗೆ ಭೂಮಿ ಸಿಕ್ಕಿತು. ಆದರೆ ಗದ್ದೆಯ ಕೆಸರಲ್ಲಿ ನಿಂತವನು ಗೇಣಿದಾರನಾಗಿರಲಿಲ್ಲ, ಕೂಲಿಯವನಾಗಿದ್ದ. ಅವನಿಗೆ ದಕ್ಕಿದ್ದು ಗುಡಿಸಲು ನಿಂತ ಜಾಗದ ಹಕ್ಕು: ಪಂಚಾಯ್ತಿಯಲ್ಲಿ 10 ಸೆಂಟ್ಸ್, ಪುರಸಭೆಯಲ್ಲಿ 5, ದೊಡ್ಡ ನಗರದಲ್ಲಿ 3. ಒಂದು ಎಕರೆಗೆ 100 ಸೆಂಟ್ಸ್, ಲೆಕ್ಕ ಹಾಕಿ ನೋಡಿ. ಅಷ್ಟರಲ್ಲಿ ಮಕ್ಕಳು ಏನು ಬಿತ್ತಬೇಕು? ನಗರ ಬಂದಾಗ ಆ ತುಂಡು ನೆಲಕ್ಕೂ ಬೆಲೆ ಬರುತ್ತದೆ. ಅಲ್ಲಿದ್ದವರಿಗೆ ಬೆಲೆ ಬರುವುದಿಲ್ಲ. ಬಾಲನ್‌ನ ಕತ್ತಿ ಹುಟ್ಟಿದ್ದು ಆ ಸೆಂಟುಗಳ ಲೆಕ್ಕದಲ್ಲಿ.

ಕನ್ನಡದ ರೌಡಿ ಚಿತ್ರಗಳ ಮಾತು ಬಂದರೆ ಎಲ್ಲರೂ ಉಪೇಂದ್ರರ ‘ಓಂ’ (1995) ಚಿತ್ರವನ್ನು ನೆನೆಯುತ್ತಾರೆ. ನಾನೂ ಅದನ್ನು ಮುಗಿಬಿದ್ದು ನೋಡಿದವನೇ. ನಿಜವಾದ ರೌಡಿಗಳನ್ನೇ ತೆರೆಗೆ ತಂದ ಚಿತ್ರ ಅದು. ಆದರೂ ಅದರ ನಾಯಕ ಪುರೋಹಿತರ ಮಗ. ಒಳ್ಳೆಯ ಕುಲದ ಹುಡುಗ ಹಾಳಾದನಲ್ಲಾ ಎಂಬ ಮರುಕ ಆ ಕತೆಯ ಬುಡದಲ್ಲಿದೆ. ಬಾಲನ್‌ಗೆ ಅಂಥ ಮರುಕದ ಸವಲತ್ತಿಲ್ಲ. ಅವನು ಬೀಳುವುದಕ್ಕೆ ಎತ್ತರದಲ್ಲಾದರೂ ಎಲ್ಲಿದ್ದ?

ಮೆಚ್ಚುಗೆ ಇಷ್ಟು. ತಕರಾರೂ ಇದೆ. ಕತೆ ನಮಗೆ ಸಿಗುವುದು ಕೃಷ್ಣನ್‌ನ ನೆನಪಿನಿಂದ. ಆ ಪಾತ್ರಕ್ಕೆ ದುಲ್ಕರ್ ಸಲ್ಮಾನ್ ಎಂಬ ತಾರೆ. ಸಾಯುವವರು ದಲಿತರು, ನೆನೆಯುವವನು, ದುಃಖಿಸುವವನು, ಕೊನೆಗೆ ಸೇಡು ತೀರಿಸಿಕೊಳ್ಳುವವನು ಗೆಳೆಯ. ನಮ್ಮ ಸಾವನ್ನು ಹೇಳುವುದಕ್ಕೂ ಇನ್ನೊಬ್ಬರ ಬಾಯಿ ಬೇಕೇ? ಅನಿತಾಳ ಸ್ಥಿತಿ ಇನ್ನೂ ಕಷ್ಟ. ಇಬ್ಬರು ಗಂಡಸರ ನಡುವೆ ಅವಳು ಹಂಚಿಹೋಗುತ್ತಾಳೆ, ಅವಳ ಒಡಲ ಮಾತು ಕೇಳಿಸುವುದೇ ಇಲ್ಲ. ಮಲಯಾಳಂನ ಮೊದಲ ಮೂಕಿಚಿತ್ರದ ನಾಯಕಿ ಪಿ.ಕೆ. ರೋಸಿ ದಲಿತ ಹೆಣ್ಣು. ನಾಯರ್ ಹೆಣ್ಣಿನ ಪಾತ್ರ ಮಾಡಿದಳೆಂದು ಅವಳನ್ನು ಊರು ಬಿಡಿಸಿದ ನಾಡು ಅದು. ಅಂಥ ಕಡೆ ಈ ಮೌನವನ್ನು ಸಣ್ಣದು ಎನ್ನಲಾರೆ.

ಆದರೆ ಗಂಗಾನ ಪಾತ್ರದ ವಿನಾಯಕನ್, ಬಾಲನ್ ಪಾತ್ರದ ಮಣಿಕಂಠನ್ ಈ ಚೌಕಟ್ಟನ್ನು ಮುರಿದು ಹೊರಗೆ ಬರುತ್ತಾರೆ. ಕತೆ ಕೃಷ್ಣನ್‌ನದಾದರೂ ಕಣ್ಣು ಹೋಗುವುದು ಗಂಗಾನ ಕಡೆಗೇ. ಆ ಸಾಲಿನ ರಾಜ್ಯ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟನ ಪ್ರಶಸ್ತಿ ಬಂದದ್ದು ವಿನಾಯಕನ್‌ಗೆ. ಅದೇ 2016ರಲ್ಲಿ ಮರಾಠಿಯಲ್ಲಿ ನಾಗರಾಜ ಮಂಜುಳೆಯ ‘ಸೈರಾಟ್’, ತಮಿಳಿನಲ್ಲಿ ಪಾ. ರಂಜಿತ್‌ನ ‘ಕಬಾಲಿ’ ಬಂದವು. ಅಲ್ಲಿ ಕ್ಯಾಮೆರಾದ ಹಿಂದೆ ನಿಂತು ಹೇಳಿದವರು ನಮ್ಮವರೇ. ರಾಜೀವ್ ರವಿ ಪ್ರಾಮಾಣಿಕ ಗೆಳೆಯ. ಗೆಳೆಯ ಹೇಳಬಹುದಾದ ಕತೆಯನ್ನು ಅವನು ಚೆನ್ನಾಗಿಯೇ ಹೇಳಿದ್ದಾನೆ. ಗಂಗಾ ತಾನೇ ಹೇಳುವ ಕತೆ ಇನ್ನೂ ಬಾಕಿಯಿದೆ.

ಆ ಹಿರಿಯರಿಗೆ ಅವತ್ತು ಉತ್ತರ ಕೊಡಲಾಗಲಿಲ್ಲ. ಈಗ ಹೇಳುತ್ತೇನೆ. ಅಣ್ಣ, ಹುಡುಗರನ್ನ ಬೈಬೇಡಿ. ತೆರೆಯ ಮೇಲೆ ತಮ್ಮಂಥ ಮೈ, ತಮ್ಮಂಥ ಮುಖ ತಲೆಯೆತ್ತಿ ನಡೆದದ್ದು ಕಂಡು ಶಿಳ್ಳೆ ಬಂತು. ಅದನ್ನ ನಾನು ತಪ್ಪು ಅನ್ನಲಾರೆ. ಅಜ್ಜ ಸತ್ತಾಗ ಅದೇ ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದನ್ನೂ ನಾನು ನೋಡಿದೆ. ಆ ಶಿಳ್ಳೆ ಮತ್ತು ಆ ಮೌನ ಎರಡನ್ನೂ ಒಟ್ಟಿಗೆ ಇಟ್ಟು ಅವರ ಜೊತೆ ಮಾತಾಡೋಣ. ನಮ್ಮ ಊರುಗಳಲ್ಲಿ ಸೈಟುಗಳಾದ ಗದ್ದೆಗಳು ಯಾರವು, ಅವನ್ನು ಬಿಡಿಸಿಕೊಡಲು ಹೋದ ಕೈಗಳು ಯಾರವು ಅಂತ ಅವರೇ ಕೇಳ್ತಾರೆ. ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಬೇಕು.