ಸಮಕ್ಕೆ ಬರುವ ಮನಸೂರ

ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ಕೇಳುಗರನ್ನು ಕಾಯಿಸುವವರಲ್ಲ. ಉದ್ದುದ್ದ ಪೀಠಿಕೆಯಿಲ್ಲ, ತಂಬೂರಿಗೆ ದನಿ ಕೂಡಿಸಿ, ನಾಲ್ಕು ಸ್ವರ ಹಚ್ಚಿ, ಬಂದಿಶ್‌ಗೇ ಇಳಿದುಬಿಡುತ್ತಾರೆ. ಆಮೇಲೆ ರಾಗ ಬೆಳೆಯುವುದೆಲ್ಲ ತಬಲಾದ ಠೇಕಾದೊಳಗೇ. ಅವರ ಕಛೇರಿಗಳ ಧ್ವನಿಮುದ್ರಣ ಹಾಕಿಕೊಂಡಾಗಲೆಲ್ಲ ನಾನು ಕಾಯುವುದು ಸಮಕ್ಕಾಗಿ, ತಾಳದ ಆವರ್ತ ಮತ್ತೆ ಶುರುವಾಗುವ ಆ ಮೊದಲ ಮಾತ್ರೆಗಾಗಿ. ಆಕಾರದ ತಾನ್ ಸುತ್ತಿ ಸುತ್ತಿ ಏರುತ್ತದೆ, ಉಸಿರು ಎಲ್ಲಿ ತೆಗೆದುಕೊಂಡರೆಂದು ತಿಳಿಯುವುದಿಲ್ಲ. ಇನ್ನೇನು ತಾಳ ಕೈಬಿಟ್ಟಿತು ಅನ್ನುವಷ್ಟರಲ್ಲಿ ಬಂದಿಶ್‌ನ ಮೊದಲ ತುಣುಕಾದ ಮುಖಡಾ ಹಿಡಿದು ಸಮದ ಮೇಲೆ ಬಂದು ಕೂತಿರುತ್ತಾರೆ. ನನ್ನ ‘ವಾಹ್’ ಯಾವಾಗಲೂ ಅರೆಕ್ಷಣ ತಡ.

ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದವರು. ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಪಾಠ. ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಜೈಪುರ–ಅತ್ರೌಲಿ ಘರಾಣೆಯ ತಾಲೀಮು. ಖಟ್, ಬಿಹಾರಿ, ಸಂಪೂರ್ಣ ಮಾಲಕಂಸದಂಥ ಅಪರೂಪದ ರಾಗಗಳು ಅವರ ಬಾಯಲ್ಲಿ ದಿನಬಳಕೆಯ ಮಾತಿನಷ್ಟು ಸಲೀಸು. ವಯಸ್ಸಾದ ಮೇಲಿನ ಗಾಯನವೇ ನನಗೆ ಹೆಚ್ಚು ಇಷ್ಟ. ದನಿ ತೆಳುವಾಗಿದೆ, ಧೈರ್ಯ ಮಾತ್ರ ಏರಿದೆ.

ಕನ್ನಡಿಗರು ಸಾಮಾನ್ಯವಾಗಿ ಅವರು ಹಾಡಿದ ವಚನಗಳಿಂದ ಶುರು ಮಾಡುತ್ತಾರೆ. ಚೆಂದವೇ. ಆದರೆ ನನ್ನನ್ನು ಕೇಳಿದರೆ, ಮೊದಲು ಅವರ ಶಿವಮತ ಭೈರವ ಹಾಕಿ.