ತಡೆಯಾಜ್ಞೆಯೂ ಪಾಲನಾಧಿಕಾರವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವಿವಾಹ, ವಿಚ್ಛೇದನ, ಅಪತ್ಯಪಾಲನೆ ಇವೆಲ್ಲವೂ ಆಯಾ ರಾಜ್ಯದ ಅಧೀನವಾಗಿರುವುದರಿಂದ, ಗಂಡನ ಹೊಡೆತಕ್ಕಂಜಿ ಟೆಕ್ಸಾಸಿನಿಂದ ಮಗುವನ್ನೆತ್ತಿಕೊಂಡು ನ್ಯೂಜೆರ್ಸಿಯ ತಂಗಿಯ ಮನೆ ಸೇರುವ ಹೆಂಗಸು ಒಂದು ನ್ಯಾಯವ್ಯವಸ್ಥೆಯ ಎಲ್ಲೆಯನ್ನು ದಾಟಿ ಮತ್ತೊಂದರೊಳಕ್ಕೆ ಕಾಲಿಟ್ಟಿರುತ್ತಾಳೆ. ಪ್ರತಿಪಕ್ಷಕ್ಕೆ ತಿಳಿವಳಿಕೆ ಕೊಟ್ಟು, ಅದರ ಅಹವಾಲನ್ನು ಕೇಳುವ ಅವಕಾಶವಿತ್ತು ಹಿಂಸಕನನ್ನು ದೂರವಿಡಲು ಹೊರಡಿಸಿದ ತಡೆಯಾಜ್ಞೆಗೆ, 1994ರ ಕೇಂದ್ರ ಕಾನೂನಿನ ಬಲದಿಂದ, ಹೋದ ರಾಜ್ಯದಲ್ಲಿ ನೋಂದಣಿಯಿಲ್ಲದೆಯೂ ಮನ್ನಣೆಯುಂಟು; ಮಗು ಯಾರ ಪಾಲಿಗೆ ಎಂಬ ವಿವಾದವಾದರೋ ಸಾಮಾನ್ಯವಾಗಿ ಬಿಟ್ಟುಬಂದ ಊರಿನಲ್ಲಿಯೇ ಉಳಿಯುತ್ತದೆ.

ಇದಕ್ಕೆ ಕಾರಣವಿಲ್ಲದಿಲ್ಲ. ತಾಯಿಯೋ ತಂದೆಯೋ ಮಗುವನ್ನು ಕದ್ದೊಯ್ದು, ತನಗನುಕೂಲನಾದ ನ್ಯಾಯಾಧೀಶನನ್ನು ಅರಸಿ, ಒಂದು ರಾಜ್ಯದ ಆದೇಶವನ್ನು ಇನ್ನೊಂದರಿಂದ ಅಳಿಸಿಹಾಕುತ್ತಿದ್ದ ಅನರ್ಥವನ್ನು ತಡೆಯಲೆಂದು 1968ರಲ್ಲಿ ಮೊದಲ ಏಕರೂಪ ಕಾನೂನೂ, ಅದರ ದೋಷಗಳನ್ನು ತಿದ್ದಿ 1997ರಲ್ಲಿ ಎರಡನೆಯದೂ ರಚಿತವಾದುವು. ಬಹುಮಟ್ಟಿಗೆ ಎಲ್ಲ ರಾಜ್ಯಗಳೂ ಅಂಗೀಕರಿಸಿರುವ ಈ ಎರಡನೆಯದರ ಪ್ರಕಾರ, ದಾವೆಗೆ ಮುಂಚೆ ಮಗು ಎಡೆಬಿಡದೆ ಆರು ತಿಂಗಳು ಬಾಳಿದ ರಾಜ್ಯಕ್ಕೇ ಪ್ರಥಮಾಧಿಕಾರ; ತಾಯಿ ಹೊರಟುಹೋದರೂ ತಂದೆ ಅಲ್ಲಿಯೇ ನೆಲೆಸಿದ್ದರೆ, ಮುಂದಿನ ಆರು ತಿಂಗಳೊಳಗೆ ಅವನು ಅಲ್ಲಿ ದಾವೆ ಹೂಡಬಹುದು.

ಈ ಕಟ್ಟಳೆಯೊಳಗೆ ಒಂದು ಕಿಂಡಿಯನ್ನು ತೆರೆದಿಟ್ಟಿರುವುದೇ ಕರ್ತೃಗಳ ವಿವೇಕಕ್ಕೆ ಸಾಕ್ಷಿ. ಮಗುವಾಗಲಿ, ಅದರ ಒಡಹುಟ್ಟಾಗಲಿ, ತಾಯಿತಂದೆಗಳಲ್ಲೊಬ್ಬರಾಗಲಿ ಹಿಂಸೆಗೀಡಾಗಿದ್ದರೆ ಅಥವಾ ಅದರ ಬೆದರಿಕೆಯಿದ್ದರೆ, ಮಗು ಇರುವೆಡೆಯ ನ್ಯಾಯಾಲಯವು ಅದರ ರಕ್ಷಣೆಗಾಗಿ ತಾತ್ಕಾಲಿಕಾಧಿಕಾರವನ್ನು ವಹಿಸಬಹುದು. ತಾಯಿಯ ಮೈಮೇಲಿನ ಏಟನ್ನು ಮಗುವಿನ ಕ್ಷೇಮದೊಡನೆ ಕೂಡಿಸಿ ನೋಡಿದ ಈ ಒಂದು ವಾಕ್ಯವೇ ಇಡೀ ಕಾನೂನಿನ ಅತ್ಯಂತ ಮಾನವೀಯವಾದ ಭಾಗವೆಂದು ನನ್ನ ಎಣಿಕೆ. ಆದರೆ ಅಧಿಕಾರದ ಅವಧಿ ಅಲ್ಪ: ಮೂಲರಾಜ್ಯದಲ್ಲಿ ದಾವೆಯಿದ್ದರೆ, ಅಲ್ಲಿಂದ ಆದೇಶ ತರುವಷ್ಟು ಕಾಲವನ್ನು ಮಾತ್ರ ಗೊತ್ತುಮಾಡಿ, ನ್ಯಾಯಾಧೀಶರಿಬ್ಬರೂ ಕೂಡಲೇ ಪರಸ್ಪರ ಸಂಪರ್ಕಿಸಿ ಮಾತಾಡಬೇಕು. ಗಡುವು ಮುಗಿಯುವುದರೊಳಗೆ, ತಾನು ಓಡಿಬಂದ ಊರಿನಲ್ಲಿಯೇ ವಕೀಲನನ್ನು ಹಿಡಿದು ವಾದಿಸಬೇಕಾದ ಹೊರೆ ಬೀಳುವುದು ಏಟು ತಿಂದವಳ ಮೇಲೆ. ವಾಸ್ತವ್ಯದ ವಿಳಾಸವನ್ನು ಮುಚ್ಚಿಡುವ, ಅನನುಕೂಲವೆಂದು ಕಂಡರೆ ಮೂಲರಾಜ್ಯವೇ ಕೈಬಿಡುವ ಅವಕಾಶಗಳುಂಟಾದರೂ, ಆ ಕೈಬಿಡುವಿಕೆ ಆ ನ್ಯಾಯಾಧೀಶನ ವಿವೇಚನೆಗೆ ಸೇರಿದ್ದು.

ಇನ್ನು ತಂದೆಯ ಪಕ್ಷ. ಏಕಪಕ್ಷೀಯವಾಗಿ ದೊರೆತ ಆಜ್ಞೆ ಅಪರಾಧನಿರ್ಣಯವಲ್ಲ. ಆದರೂ ವಿಚಾರಣೆಯ ದಿನ ಬರುವಷ್ಟರಲ್ಲಿ ಮಗು ಯಾರ ಬಳಿ ಒಗ್ಗಿಕೊಂಡಿದೆಯೆಂಬುದೇ ಅರ್ಧವಾದವಾಗಿಬಿಡುತ್ತದೆ. ಹಿಂಸೆ ನಡೆಯಿತೆಂದು ನ್ಯಾಯಾಲಯವೇ ನಿರ್ಣಯಿಸಿದ ಮೇಲಿನ ಮಾತು ಬೇರೆ: ಕ್ಯಾಲಿಫೋರ್ನಿಯದಲ್ಲಿ ಹಿಂದಿನ ಐದು ವರ್ಷಗಳೊಳಗಿನ ಅಂಥ ನಿರ್ಣಯವಿದ್ದರೆ, ಹಿಂಸಕನಿಗೆ ಪಾಲನೆ ಹಿತಕರವಲ್ಲವೆಂಬ ಪೂರ್ವಭಾವನೆಯನ್ನು ಅವನೇ ಸಾಕ್ಷ್ಯದಿಂದ ತೊಡೆದುಹಾಕಬೇಕು. ಈ ಹೊರೆ ನ್ಯಾಯವಾದುದೆಂದೇ ಹೇಳಬೇಕು.

ಅಮೆರಿಕದಿಂದ ತವರಿಗೆಂದು ಮೈಸೂರಿಗೋ ಧಾರವಾಡಕ್ಕೋ ಬಂದಿಳಿಯುವ ತಾಯಿಗೆ ತೊಡಕು ಇಮ್ಮಡಿ. ಆ ಏಕರೂಪ ಕಾನೂನು ಪರದೇಶವನ್ನೂ ಒಂದು ರಾಜ್ಯವೆಂದೇ ಎಣಿಸುತ್ತದೆ. ಆದರೆ ಮಕ್ಕಳ ಅಪಹರಣದ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. 2017ರಲ್ಲಿ ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ವಿದೇಶೀ ಆದೇಶಕ್ಕಿಂತ ಮಗುವಿನ ಹಿತವನ್ನೇ ಮೇಲಾಗಿಸಿತು. ಹೀಗಾಗಿ ಒಂದೇ ಮಗುವಿನ ಮೇಲೆ ಅಲ್ಲಿಯೂ ಇಲ್ಲಿಯೂ ಪರಸ್ಪರ ವಿರುದ್ಧವಾದ ಆದೇಶಗಳು ಏಕಕಾಲದಲ್ಲಿ ಊರ್ಜಿತವಾಗಿರುವುದು ಸಾಧ್ಯ. ಅಲ್ಲಿನ ಇಬ್ಬರು ನ್ಯಾಯಾಧೀಶರಿಗೆ ಕಡ್ಡಾಯವಾಗಿರುವ ಆ ಸಂಭಾಷಣೆ ಇಲ್ಲಿಯ ನ್ಯಾಯಾಧೀಶನಿಗೆ ವಿಹಿತವಲ್ಲ.