ನೆರೆಭಾಷೆಯ ನಾಗವಲ್ಲಿ

ಹೆದರಿಸುವ ಪಾತ್ರವನ್ನು ಕಟ್ಟಲು ಕೆದರಿದ ಕೂದಲು, ಕೆಂಗಣ್ಣು, ಕತ್ತಲೆಗಳೇ ಮುಖ್ಯ ಸಾಮಗ್ರಿ ಎಂಬ ತಿಳಿವಳಿಕೆ ಸಾಮಾನ್ಯವಾದುದು. ಫಾಝಿಲ್ ನಿರ್ದೇಶನದ, ಮಧು ಮುಟ್ಟಂ ಬರೆದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (1993) ಅವನ್ನು ಬಿಟ್ಟುಕೊಟ್ಟಿಲ್ಲವಾದರೂ ಭಯದ ಭಾರವನ್ನು ಹೊರಿಸಿದ್ದು ಭಾಷೆಯ ಮೇಲೆ. ಇಲ್ಲಿ ದೆವ್ವವಿಲ್ಲ. ಗಂಡನ ಪೂರ್ವಿಕರ ಮನೆಗೆ ಬಂದ ಗಂಗಾ, ಅಲ್ಲಿ ಹಿಂದೊಮ್ಮೆ ಯಜಮಾನನ ಕೈಯಲ್ಲಿ ಹತಳಾದ ತಂಜಾವೂರಿನ ನರ್ತಕಿ ನಾಗವಲ್ಲಿಯ ಕಥೆಯನ್ನು ಕೇಳಿ, ಮನೋವಿಕಾರದಿಂದ ತಾನೇ ಅವಳಾಗುತ್ತಾಳೆ.

ಹೊರಗೆ ಹೋಗಬೇಡವೆಂದು ಗಂಡ ತಡೆಯುವ ದೃಶ್ಯವನ್ನು ಗಮನಿಸಬೇಕು. ಗಂಡಹೆಂಡಿರ ಸಾಮಾನ್ಯ ಮಾತು ಮಲಯಾಳದಲ್ಲಿ ಆರಂಭವಾಗಿ, ನೋಡನೋಡುತ್ತಿದ್ದಂತೆ ತಮಿಳಿಗೆ ಹೊರಳುತ್ತದೆ. ಶೋಭನಾ ಮಂಚವನ್ನೆತ್ತುವ ಬಲಕ್ಕಿಂತ ಈ ಹೊರಳೇ ಹೆಚ್ಚು ಅಂಜಿಸುತ್ತದೆ. ಪೂರ್ತಿ ಅಪರಿಚಿತ ಭಾಷೆಯಾಗಿದ್ದರೆ ಅದು ಬರಿಯ ವಿಚಿತ್ರವೆನಿಸುತ್ತಿತ್ತು. ತಮಿಳು ಮಲಯಾಳಿಯ ಕಿವಿಗೆ ಬಹುಮಟ್ಟಿಗೆ ತಿಳಿಯುವ ನುಡಿ; ಬೆದರಿಕೆಯ ಅರ್ಥ ತಲುಪುತ್ತದೆ, ಆಡುವವಳು ಮಾತ್ರ ಮನೆಯವಳಾಗಿ ಉಳಿದಿಲ್ಲ.

ಮರುನಿರ್ಮಾಣಗಳು ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದವು. ಪಿ. ವಾಸು ನಿರ್ದೇಶಿಸಿದ ಕನ್ನಡದ ‘ಆಪ್ತಮಿತ್ರ’ದಲ್ಲಿ (2004) ನಾಗವಲ್ಲಿಯ ನುಡಿ ತೆಲುಗು; ಅವರದೇ ತಮಿಳು ‘ಚಂದ್ರಮುಖಿ’ಯಲ್ಲಿಯೂ (2005) ತೆಲುಗು; ಹಿಂದಿಯ ‘ಭೂಲ್ ಭುಲಯ್ಯಾ’ದ (2007) ಮಂಜುಲಿಕಾಳದು ಬಂಗಾಳಿ. ಊರು ಬದಲಾದರೂ ಸತ್ತವಳು ಪ್ರೇಕ್ಷಕರ ಮನೆಮಾತನ್ನು ಆಡುವುದಿಲ್ಲ. ಅನ್ಯಾಯಕ್ಕೊಳಗಾದವಳು ನೆರೆಭಾಷೆಯವಳು, ಅನ್ಯಾಯ ಮಾಡಿದವನು ಸ್ವಭಾಷೆಯ ದೊರೆ. ಆದರೆ ಹೆದರಬೇಕಾದದ್ದು ಅವಳಿಗೆ! ಜನಪ್ರಿಯ ಚಿತ್ರಗಳು ಈ ವೈಪರೀತ್ಯದ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಗಡಿನಾಡಿನ ದ್ವಿಭಾಷಿಕರ ಮುಂದೆ ಈ ತಂತ್ರ ನಿಜವಾದ ಪರೀಕ್ಷೆಗೊಳಗಾಗುತ್ತದೆ. ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರಿಗೆ ತೆಲುಗು ಸಂತೆಯ ಹಾಗೂ ಕಚೇರಿಯ ನುಡಿ. ಹೊಸೂರಿನಲ್ಲಂತೂ ಅದು ಹಲವರ ಮನೆಮಾತೇ. ಅವರಿಗೆ ನಾಗವಲ್ಲಿಯ ತೆಲುಗು ಪರಲೋಕದ ದನಿಯಾಗಿ ಕೇಳಿಸಲಾರದು. ಹಾಗಿದ್ದೂ ಪಾತ್ರ ಅವರನ್ನು ಅಂಜಿಸಬಲ್ಲದಾದರೆ ಕಾರಣ ಬೇರೆ. ಎರಡು ನುಡಿ ಬಲ್ಲವರು ದಿನಕ್ಕೆ ಹತ್ತಾರು ಬಾರಿ ಭಾಷೆ ಬದಲಿಸುತ್ತಾರೆ, ಸಾಮಾನ್ಯವಾಗಿ ಎದುರಿರುವವರ ಮುಖ ನೋಡಿಯೇ. ಗಂಗಾ ಎದುರಿಗಿಲ್ಲದ ಒಬ್ಬನಿಗಾಗಿ ಭಾಷೆ ಬದಲಿಸುತ್ತಾಳೆ. ಗಂಡನ ಮುಖದಲ್ಲಿ ಅವಳು ಕಾಣುವುದು ಎಂದೋ ಸತ್ತ ಯಜಮಾನನನ್ನು. ಈ ಭೀತಿ ಏಕಭಾಷಿಕನಿಗಿಂತ ದ್ವಿಭಾಷಿಕನನ್ನೇ ಆಳವಾಗಿ ತಟ್ಟಬೇಕು.

ಕನ್ನಡದ ಆವೃತ್ತಿ ಈ ಸೂಕ್ಷ್ಮವನ್ನು ಪೂರ್ತಿ ನಂಬಲಿಲ್ಲ. ಸೌಂದರ್ಯ ಅವರ ಅಭಿನಯವೊಂದೇ ಸಾಕಾಗುತ್ತಿದ್ದಲ್ಲಿ ಭಾರೀ ಹಾವೊಂದನ್ನೂ ತಂದಿತು. ಹಾವು ಹೊರಗಿನ ಅಪಾಯ. ಗಂಗಾಳ ಭಯಂಕರತೆ ಇರುವುದು ಅಪಾಯ ಒಳಗಿದೆ ಎಂಬಲ್ಲಿ. ಇನ್ನೊಂದು ಬದಲಾವಣೆ ಇದಕ್ಕಿಂತ ದುಬಾರಿಯಾದುದು. ಮಲಯಾಳದ ಮನೆ ಪಿತ್ರಾರ್ಜಿತ, ಕೊಲೆ ಮಾಡಿದವನು ಗಂಡನ ಕುಲದವನೇ. ತಮಿಳಿನಲ್ಲಿ ಬರುವ ಆರೋಪಕ್ಕೆ ಉತ್ತರಿಸಬೇಕಾದವರು ಆ ಮನೆಯಲ್ಲೇ ಉಣ್ಣುತ್ತಿದ್ದಾರೆ. ಕನ್ನಡದ ದಂಪತಿಗಳು ಅರಮನೆಯನ್ನು ಹಣ ಕೊಟ್ಟು ಕೊಂಡವರು. ನಾಗವಲ್ಲಿಯ ತೆಲುಗು ಅಲ್ಲಿ ಯಾರ ಪೂರ್ವಿಕರನ್ನೂ ಮುಟ್ಟುವುದಿಲ್ಲ.